ರಿಪೇರಿಗೆ ಕೊಟ್ಟ ಬಂದೂಕು ಮೊದಲಿಗಿಂತ ಅಪಾಯವಾಗಿ ವಾಪಸ್ ಬಂದಿದೆ

ಗೆ,
ಮಾಲೀಕರು, ಬಂದೂಕು ಮಾರಾಟ ಮತ್ತು ರಿಪೇರಿ ಅಂಗಡಿ, ಕಲಬುರಗಿ

ಮಾಲೀಕರೇ, ನಮಸ್ಕಾರ.

ನಾನು ಚಿಂಚೋಳಿ ತಾಲ್ಲೂಕಿನ ರೈತ. ಡಿಸೆಂಬರ್‌ನಲ್ಲಿ ನಮ್ಮ 12 ಬೋರ್ ಜೋಡಿ ನಳಿಗೆ ಬಂದೂಕನ್ನು ಲೈಸೆನ್ಸ್ ಸಮೇತ ನಿಮ್ಮಲ್ಲಿಗೆ ತಂದು ಕೊಟ್ಟಿದ್ದೆ. ಅಜ್ಜ ಬೇಟೆಗೆ ಅಂತ ತಗೊಂಡಿದ್ದು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಬೇಟೆ ಮಾತು ಮುಗಿಯಿತು, ಈಗ ಇರೋದು ಬೆಳೆ ಕಾಯುವ ಲೈಸೆನ್ಸ್. ರಾತ್ರಿ ಹಂದಿ ಹಿಂಡು ಜೋಳಕ್ಕೆ ನುಗ್ಗಿದಾಗ ಸದ್ದು ಮಾಡಿ ಓಡಿಸಬೇಕು, ಅಷ್ಟೇ.

ತೊಂದರೆ ಏನು ಅಂತ ಅವತ್ತೇ ಬಿಡಿಸಿ ಹೇಳಿದ್ದೆ. ಎಡ ನಳಿಗೆ ಸರಿ ಇದೆ. ಬಲಗಡೆ ಟ್ರಿಗರ್ ಎಳೆದರೆ ಹ್ಯಾಮರ್ ಟಕ್ ಅಂತ ಬೀಳುತ್ತದೆ, ತೋಟಾ ಮಾತ್ರ ಸಿಡಿಯುವುದಿಲ್ಲ. ಸಿಡಿಯದ ಒಂದು ತೋಟಾವನ್ನೂ ನಿಮ್ಮ ಕೌಂಟರ್ ಮೇಲೆ ಇಟ್ಟು ತೋರಿಸಿದ್ದೆ, ನೆನಪಿದೆ ಅಲ್ವಾ? ಪ್ರೈಮರ್ ಮೇಲೆ, ಅಂದರೆ ತೋಟಾದ ಹಿಂದೆ ಏಟು ಬಿದ್ದರೆ ಕಿಡಿ ಕೊಡುವ ಬಿಲ್ಲೆ ಮೇಲೆ, ಉಗುರು ಒತ್ತಿದಷ್ಟೇ ಗುಳಿ, ಅದೂ ಒಂದು ಬದಿ ಮುರಿದ ಅರ್ಧಚಂದ್ರದ ಹಾಗೆ. ಅದೇ ಡಬ್ಬಿಯ ತೋಟಾ ಎಡಗಡೆ ಒಂದೂ ತಪ್ಪದೆ ಸಿಡಿಯುತ್ತವೆ ಅಂದರೆ ತಪ್ಪು ತೋಟಾದ್ದಲ್ಲ, ಹ್ಯಾಮರ್ ಏಟನ್ನು ಪ್ರೈಮರ್‌ಗೆ ಮುಟ್ಟಿಸುವ ಬಲಗಡೆಯ ಫೈರಿಂಗ್ ಪಿನ್ ಸವೆದಿರಬೇಕು, ಇಲ್ಲಾ ಹ್ಯಾಮರ್ ಸ್ಪ್ರಿಂಗ್ ಸೋತಿರಬೇಕು. ನಿಮ್ಮ ಮಿಸ್ತ್ರಿ ಹೊಸ ಪಿನ್ ಹಾಕ್ತೀವಿ ಅಂದರು. 1,800 ರೂಪಾಯಿ ಕೊಟ್ಟೆ. ನೀವು ಕೊಟ್ಟ ಚೀಟಿಯಲ್ಲೂ ‘ಪಿನ್ ಬದಲು, ಸರ್ವಿಸ್’ ಅಂತಲೇ ಇದೆ.

ಜನವರಿ ಚಳಿಯಲ್ಲಿ ಬಲಗಡೆ ಐದು ತೋಟಾ ಹಾಕಿದೆ. ಮೂರು ಸಿಡಿಯಲಿಲ್ಲ. ತಡವಾಗಿ ಸಿಡಿದೀತು ಅಂತ ಪ್ರತಿ ಸಲ ನಳಿಗೆಯನ್ನು ಖಾಲಿ ಬಯಲಿನ ಕಡೆಗೇ ಹಿಡಿದು ಅರ್ಧ ನಿಮಿಷ ಕಾದು ಆಮೇಲೆ ತೆರೆದೆ. ಮೂರರ ಮೇಲೂ ಅದೇ ಮುರಿದ ಅರ್ಧಚಂದ್ರ! ಹೊಸ ಪಿನ್ ಆದರೆ ಹಳೇ ಪಿನ್ನಿನ ಗುರುತು ಹೇಗೆ ಬೀಳುತ್ತದೆ?

ಇದಕ್ಕಿಂತ ದೊಡ್ಡ ಮಾತು ಬೇರೆ ಇದೆ. ಬಂದೂಕು ಖಾಲಿ ಮಾಡಿ ಟಾರ್ಚ್ ಬಿಟ್ಟು ನೋಡಿದೆ. ಬಲಗಡೆ ಪಿನ್ನಿನ ತುದಿ ಹೊರಗೇ ನಿಂತಿದೆ. ಹ್ಯಾಮರ್ ಹಿಂದಕ್ಕೆ ಎಳೆದರೂ ಒಳಗೆ ಹೋಗುವುದಿಲ್ಲ. ಪಿನ್ ಹೊರಬರುವ ತೂತಿನ ಸುತ್ತ ಬಂಡಿ ಅಚ್ಚಿಗೆ ಮೆತ್ತಿದ ಹಾಗೆ ಗ್ರೀಸ್. ಅಲ್ಲಿಗೆ ಬೇಕಾಗಿದ್ದು ಒಂದೆರಡು ಹನಿ ತೆಳು ಎಣ್ಣೆ. ಗ್ರೀಸ್ ಚಳಿಗೆ ಗಟ್ಟಿಯಾಗಿ ಪಿನ್ನನ್ನು ಹಿಡಿದುಬಿಡುತ್ತದೆ, ಏಟೂ ಮೆತ್ತಗೆ ಬೀಳುತ್ತದೆ. ಪಿನ್ ಹೀಗೆ ಹೊರಗೆ ನಿಂತಿರುವಾಗ ತೋಟಾ ತುಂಬಿ ನಳಿಗೆ ಮುಚ್ಚಿದರೆ, ಟ್ರಿಗರ್ ಮುಟ್ಟದೆಯೇ ಗುಂಡು ಹಾರಬಹುದು. ಐದು ಸಲ ನಾನು ಹಾಗೆ ಮುಚ್ಚಿದ್ದೇನೆ. ಟಾರ್ಚ್ ಹಿಡಿದು ನನ್ನ ಮಗ ಪಕ್ಕದಲ್ಲೇ ನಿಂತಿದ್ದ.

ಸ್ಕ್ರೂ ತಲೆಗಳನ್ನೂ ಕಿತ್ತುಹಾಕಿದ್ದೀರಿ. ಅದು ಹೋಗಲಿ.

ನನಗೆ ಬೇಕಾದ್ದು ಇಷ್ಟು. ಅಳತೆಗೆ ಸರಿಯಾದ ಹೊಸ ಪಿನ್, ಅದನ್ನು ಹಿಂದಕ್ಕೆ ತಳ್ಳುವ ಹೊಸ ಸ್ಪ್ರಿಂಗ್ ಹಾಕಿ, ಹ್ಯಾಮರ್ ಸ್ಪ್ರಿಂಗ್ ನೋಡಿ, ಗ್ರೀಸ್ ಪೂರ್ತಿ ತೆಗೆದು, ಮದ್ದಿಲ್ಲದ ಡಮ್ಮಿ ತೋಟಾ ಹಾಕಿ ನನ್ನ ಎದುರಿಗೇ ಪರೀಕ್ಷೆ ಮಾಡಿ ತೋರಿಸಬೇಕು. ಹಳೇ ಪಿನ್ ನನ್ನ ಕೈಗೆ ಕೊಡಬೇಕು. ಆಗಲ್ಲ ಅಂದರೆ ನನ್ನ 1,800 ರೂಪಾಯಿ ವಾಪಸ್ ಕೊಡಿ, ಬೇರೆ ಕಡೆ ಮಾಡಿಸುತ್ತೇನೆ. 15 ದಿನದಲ್ಲಿ ಉತ್ತರ ಬರದಿದ್ದರೆ ಚೀಟಿ ಮತ್ತು ಆ ಮೂರು ತೋಟಾಗಳ ಫೋಟೋ ಜೊತೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ಇಷ್ಟು ಸಣ್ಣ ಮೊತ್ತದ ದೂರಿಗೆ ಅಲ್ಲಿ ಫೀಸೂ ಇಲ್ಲ.

ಬಂದೂಕು ಈಗ ಖಾಲಿ ಮಾಡಿ ಬೀಗ ಹಾಕಿಟ್ಟಿದ್ದೇನೆ. ರಾತ್ರಿ ಹೊಲದಲ್ಲಿ ತಗಡಿನ ಡಬ್ಬ ಬಡಿಯುತ್ತಿದ್ದೇವೆ, ರಾಶಿ ಆಗುವವರೆಗೆ ಹೀಗೆ ಆಗುವುದಿಲ್ಲ, ಬೇಗ ತಿಳಿಸಿ.

ಇಂತಿ,
ನಿಮ್ಮ ಗಿರಾಕಿ, ಚಿಂಚೋಳಿ ತಾಲ್ಲೂಕು