ಫೈಲ್ ತೆರೆಯಲಿಲ್ಲವೆಂದು ಅರ್ಜಿ ಹಿಂದಿರುಗಿಸಬೇಡಿ: ಯಾದಗಿರಿ ಜಿಲ್ಲಾಧಿಕಾರಿಗಳಿಗೊಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ಸುರಪುರ ತಾಲ್ಲೂಕಿನ ನಮ್ಮೂರಿನವರ ಅರ್ಜಿಗಳನ್ನು ಮೂರು ವರ್ಷಗಳಿಂದ ನನ್ನ ಹಳೆಯ ಕಂಪ್ಯೂಟರಿನಲ್ಲಿ ಟೈಪ್ ಮಾಡಿಕೊಡುತ್ತಿದ್ದೇನೆ. ಅದರಲ್ಲಿರುವುದು ಯಾರು ಬೇಕಾದರೂ ಉಚಿತವಾಗಿ ಹಾಕಿಕೊಳ್ಳಬಹುದಾದ ಲಿಬ್ರೆಆಫೀಸ್ ಎಂಬ ಬರವಣಿಗೆಯ ತಂತ್ರಾಂಶ. ಅದು ಬರಹವನ್ನು ಓಡಿಟಿ ಎಂಬ ಫೈಲ್ ರೂಪದಲ್ಲಿ ಉಳಿಸುತ್ತದೆ. ಆ ಒಂದು ಕಾರಣಕ್ಕೆ ಕಚೇರಿಗಳಿಂದ ಎಷ್ಟೋ ಸಲ ಬರಿಗೈಯಲ್ಲಿ ಮರಳಿದ್ದೇನೆ, ಸುಮ್ಮನಿದ್ದೇನೆ. ಕಳೆದ ತಿಂಗಳು ನಡೆದದ್ದನ್ನು ಮಾತ್ರ ನುಂಗಿಕೊಳ್ಳಲಾಗಲಿಲ್ಲ.

ಮಳೆಗೆ ಗೋಡೆ ಬಿದ್ದ 27 ಮನೆಗಳ ಪಟ್ಟಿಯನ್ನು, ಎಲ್ಲರ ಸಹಿಯಿದ್ದ ಕಾಗದದ ಪ್ರತಿಯ ಜೊತೆಗೇ, ಪೆನ್‌ಡ್ರೈವಿನಲ್ಲಿ ಒಂದು ಕಚೇರಿಗೆ ಒಯ್ದೆ. ಅಲ್ಲಿನವರು ಫೈಲಿನ ಹೆಸರಿನ ಕೊನೆಯಲ್ಲಿದ್ದ ಓಡಿಟಿಯನ್ನು ಅಳಿಸಿ, ಮೈಕ್ರೋಸಾಫ್ಟ್ ವರ್ಡ್‌ನ ರೂಪವಾದ ಡಾಕ್ಸ್ ಎಂದು ಬರೆದರು. ತೆರೆಯದಿದ್ದಾಗ, “ನಿಮ್ಮ ಫೈಲೇ ಕೆಟ್ಟದ, ವರ್ಡ್‌ನ್ಯಾಗ ಮಾಡಿಸ್ಕೊಂಡು ಬರ್ರಿ” ಎಂದರು. ಹೆಸರು ತಿದ್ದಿದರೆ ರೂಪ ಬದಲಾಗದು; ಫೈಲನ್ನು ತೆರೆದು ‘ಸೇವ್ ಆ್ಯಸ್’ನಲ್ಲಿ ಬೇಕಾದ ರೂಪ ಆರಿಸಬೇಕು ಎಂದು ಹೇಳಿದರೂ ಯಾರೂ ಕೇಳಲಿಲ್ಲ. ಎರಡನೆಯ ಸಲ ಡಾಕ್ಸ್ ಮಾಡಿಯೇ ಒಯ್ದಾಗ, ತಮ್ಮ ನಮೂನೆಯಲ್ಲೇ ಬೇಕೆಂದು ಒಂದು ಫೈಲ್ ಕೊಟ್ಟು ಕಳಿಸಿದರು. ಅದು ಹಳೆಯ ನುಡಿ ಫಾಂಟಿನದು, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಓದಲಾಗದು. ಮನೆಯಲ್ಲಿ ತೆರೆದರೆ ಕನ್ನಡದ ಒಂದಕ್ಷರವೂ ಕಾಣದೆ, ತಲೆಯ ಮೇಲೆ ಗೆರೆ ಚುಕ್ಕೆ ಹೊತ್ತ ಇಂಗ್ಲಿಷ್ ಅಕ್ಷರಗಳ ಸಾಲುಗಳೇ ತುಂಬಿದ್ದವು. ಕೊನೆಗೆ ಝೆರಾಕ್ಸ್ ಅಂಗಡಿಯಲ್ಲಿ 540 ರೂಪಾಯಿ ತೆತ್ತು ಇಡೀ ಪಟ್ಟಿಯನ್ನು ಮತ್ತೆ ಟೈಪ್ ಮಾಡಿಸಿದೆ. ಆ ಅವಸರದಲ್ಲಿ ನಮ್ಮೂರ ಹಣಮಂತ ಹನುಮಂತನಾದ. ಆಧಾರ್ ಕಾರ್ಡಿಗೆ ಹೊಂದುವುದಿಲ್ಲವೆಂದು ಅವನೊಬ್ಬನ ಅರ್ಜಿ ಬದಿಗೆ ಬಿತ್ತು. ಇವತ್ತಿಗೂ ಅವನು ಮುದಿತಾಯಿಯೊಂದಿಗೆ ತಾಡಪತ್ರಿಯ ಕೆಳಗೆ ಮಲಗುತ್ತಾನೆ.

ನಿಯಮ ತಮಗೆ ತಿಳಿದದ್ದೇ. ಓಡಿಟಿ ಸೇರಿರುವ ಫೈಲ್ ರೂಪಗಳ ಗುಂಪಾದ ಓಡಿಎಫ್ 2006ರಲ್ಲೇ ಅಂತರರಾಷ್ಟ್ರೀಯ ಮಾನಕವಾಯಿತು. 2010ರಲ್ಲಿ ಕೇಂದ್ರ ಸರ್ಕಾರ ಇ-ಆಡಳಿತಕ್ಕೆ ಮುಕ್ತ ಮಾನಕಗಳ, ಅಂದರೆ ಒಂದೇ ಕಂಪನಿಗೆ ಕಟ್ಟುಬೀಳದ ಮಾನಕಗಳ, ನೀತಿಯನ್ನು ಪ್ರಕಟಿಸಿತು. 2010ರ ವರ್ಡ್ ಕೂಡ ಓಡಿಟಿಯನ್ನು ತೆರೆಯುತ್ತದೆ. ಕೋಷ್ಟಕದ ಗೆರೆ ತುಸು ಸರಿದೀತು, ಬರೆದ ಹೆಸರು ಬದಲಾಗದು. ಸಹಿಯಿದ್ದ ಕಾಗದ ಮೇಜಿನ ಮೇಲೇ ಇತ್ತಲ್ಲ, ಅದನ್ನಾದರೂ ಓದಬಾರದಿತ್ತೇ?

ಫೈಲ್ ತೆರೆಯಲಿಲ್ಲವೆಂದು ಯಾರ ಅರ್ಜಿಯನ್ನೂ ಹಿಂದಿರುಗಿಸಬಾರದೆಂದು ಜಿಲ್ಲೆಯ ಎಲ್ಲ ಕಚೇರಿಗಳಿಗೆ ಲಿಖಿತ ಆದೇಶ ಹೊರಡಿಸಬೇಕೆಂದು ಕೇಳಿಕೊಳ್ಳುತ್ತೇನೆ. ಜನರಿಗೆ ಕೊಡುವ ನಮೂನೆಗಳು, ಯಾವ ಕಂಪ್ಯೂಟರಿನಲ್ಲೂ ಕನ್ನಡ ಕನ್ನಡವಾಗಿಯೇ ಕಾಣುವ ಯೂನಿಕೋಡ್‌ನಲ್ಲೇ ಇರಲಿ. ರೂಪ ಬದಲಿಸುವುದು ಕಚೇರಿಯ ಕೆಲಸವಾಗಲಿ. ಕೂಲಿ ಬಿಟ್ಟು ಬಸ್ಸು ಹತ್ತಿ ಬಂದವನ ತಲೆಗೆ ಅದನ್ನು ಕಟ್ಟಬೇಡಿ. ಮತ್ತೊಮ್ಮೆ ಕೇಳುತ್ತೇನೆ, ಫೈಲ್ ತೆರೆಯಲಿಲ್ಲವೆಂದು ಅರ್ಜಿ ಹಿಂದಿರುಗಿಸಬೇಡಿ.

ಹಣಮಂತನ ಹೆಸರು ತಿದ್ದಿದ ಪಟ್ಟಿಯನ್ನು ಬರುವ ಸೋಮವಾರ ಅದೇ ಕಚೇರಿಗೆ ಓಡಿಟಿಯಲ್ಲೇ ತರುತ್ತೇನೆ. ಅಷ್ಟರೊಳಗೆ ತಮ್ಮ ಆದೇಶ ಅಲ್ಲಿಗೆ ತಲುಪಿರಲಿ.

ಇಂತಿ,
ಸುರಪುರ ತಾಲ್ಲೂಕಿನ ಒಬ್ಬ ನಾಗರಿಕ