ಮಂಚದ ಕೆಳಗಿರೋ ನಿನ್ನ ನಾಯಿ ಬಗ್ಗೆ

ಲೋ ಮಾರಾಯ,

ನಿನ್ನ ಮೆಸೇಜು ರಾತ್ರಿನೇ ಓದ್ದೆ, ಉತ್ತರ ಉದ್ದ ಆಗತ್ತೆ ಅಂತ ಗೊತ್ತಿತ್ತು, ಅದಕ್ಕೇ ಈಗ ಕೂತು ಬರೀತಿದೀನಿ. ಗುಂಡನ್ನ ಮನೆಗೆ ತಂದು ಒಂಬತ್ತು ದಿನ ಆಯ್ತು, ಅವನು ಇನ್ನೂ ಮಂಚದ ಕೆಳಗಿಂದ ಬಂದಿಲ್ಲ, ಎಳ್ಕೊಂಡು ಬಂದು ತೊಡೆ ಮೇಲೆ ಕೂರಿಸ್ಕೊಂಡ್ರೆ ಅಭ್ಯಾಸ ಆಗತ್ತಾ ಅಂತ ಕೇಳಿದೀಯ. ಬೇಡ ಕಣೋ. ಒಂಬತ್ತು ದಿನ ನಿನಗೆ ಜಾಸ್ತಿ ಅನ್ಸತ್ತೆ, ಅವನ ಲೆಕ್ಕದಲ್ಲಿ ನೀನಿನ್ನೂ ಯಾರೋ ದೊಡ್ಡ ದನಿಯ, ಬಾಗಿಲು ಧಡ್ ಅಂತ ಹಾಕೋ ಆಸಾಮಿ. ಮಂಚದ ಕೆಳಗಿನ ಜಾಗ ಒಂದೇ ಅವನಿಗೆ ಸದ್ಯಕ್ಕೆ ಇರೋ ಆಸ್ತಿ, ಅದನ್ನೂ ಕಿತ್ಕೊಂಡ್ರೆ ಹೋಗೋದೆಲ್ಲಿಗೆ.

ಬುದ್ಧಿ ಹೇಳ್ತಿದೀನಿ ಅನ್ಕೋಬೇಡ, ಇದಕ್ಕಿಂತ ದಡ್ಡತನ ನಾನು ಮಾಡಿದೀನಿ. ನಮ್ಮನೆ ನಾಯಿ ಚುಕ್ಕಿಗೆ ಛತ್ರಿ ಅಂದ್ರೆ ಪ್ರಾಣಭಯ ಇತ್ತು, ಗೊತ್ತಲ್ಲ. ನಾನೇನು ಮಾಡ್ದೆ ಅಂದ್ರೆ ಬಿಚ್ಚಿದ ಛತ್ರಿ ಪಕ್ಕದಲ್ಲೇ ಕೂತು ಅಂಗೈಲಿ ಬೇಯಿಸಿದ ಕೋಳಿ ಇಟ್ಕೊಂಡು ಬಾ ಬಾ ಅಂತ ಕರೆದೆ. ಬಂದ್ಲು. ಹೇಗೆ ಬಂದ್ಲು ಅಂದ್ರೆ ಹಿಂಗಾಲು ಎರಡೂ ಅಲ್ಲೇ ನೆಲಕ್ಕೆ ಅಂಟ್ಕೊಂಡಿದಾವೆ, ಮುಂದಿನ ಮೈ ಮಾತ್ರ ರಬ್ಬರ್ ಥರ ಉದ್ದ ಆಗ್ತಾ ಆಗ್ತಾ ಬಂದು ತುಟಿ ತುದೀಲಿ ಕೋಳಿ ಕಿತ್ಕೊಂಡು ಸರ್ ಅಂತ ವಾಪಸ್. ನಾನು ಆಹಾ ಗೆದ್ದೆ ಅಂದ್ಕೊಂಡೆ. ನಾಲ್ಕನೇ ದಿನ ಕೋಳಿ ಡಬ್ಬ ತೆಗೆದ ಸದ್ದಿಗೇ ಎದ್ದು ಇನ್ನೊಂದು ರೂಮಿಗೆ ಹೋದ್ಲು! ಛತ್ರಿ ಇನ್ನೂ ಕಪಾಟಲ್ಲೇ ಇತ್ತು ಕಣೋ. ಅಂದ್ರೆ ಕೋಳಿ ಬಂತು ಅಂದ್ರೆ ಛತ್ರಿ ಬರತ್ತೆ ಅಂತ ಅವಳು ಕಲ್ತಿದ್ಲು, ಛತ್ರಿ ಬಂತು ಅಂದ್ರೆ ಕೋಳಿ ಬರತ್ತೆ ಅಂತ ನಾನು ಕಲಿಸ್ಬೇಕಿತ್ತು. ಊಟಕ್ಕೆ ಮುಂಚೆ ಬರೋ ಸದ್ದು ಕೇಳಿದ್ರೇ ಜೊಲ್ಲು ಸುರಿಸೋಕೆ ಕಲಿತ, ಪಾವ್ಲೊವ್ ಅನ್ನೋ ರಷ್ಯಾದ ವಿಜ್ಞಾನಿಯ ನಾಯಿ ಕಥೆ ಎಲ್ರೂ ಹೇಳ್ತಾರೆ, ಅದ್ರಲ್ಲಿ ಮೊದಲು ಸದ್ದು ಆಮೇಲೆ ಊಟ ಅನ್ನೋ ಕ್ರಮ ಇದೆಯಲ್ಲ, ಅದೇ ಇಡೀ ಕಥೆ. ಅದನ್ನ ಉಲ್ಟಾ ಮಾಡಿದ್ರೆ ಊಟವೇ ಅಪಾಯದ ಗಂಟೆ ಆಗ್ಬಿಡತ್ತೆ.

ಆಮೇಲೆ ಸರಿ ಮಾಡ್ಕೊಂಡಿದ್ದು ಹೀಗೆ. ಮಡಚಿದ ಛತ್ರಿ, ಮನೆ ಹಾಲ್‌ನ ಆ ತುದೀಲಿ, ಮನೇವರೊಬ್ರು ಬಾಗಿಲ ಮರೆಯಿಂದ ಹೊರಗೆ ತೋರಿಸ್ತಾರೆ, ಚುಕ್ಕಿ ಕಿವಿ ಆ ಕಡೆ ತಿರುಗ್ತು ಅಂದ ಕೂಡ್ಲೇ ನನ್ನ ಕಡೆಯಿಂದ ಕೋಳಿ ಬೀಳಕ್ಕೆ ಶುರು, ಛತ್ರಿ ಮರೆಯಾಯ್ತು ಕೋಳಿನೂ ಬಂದ್. ಐದಾರು ಸಲ ಅಷ್ಟೇ, ಮುಗೀತು, ಎದ್ದು ಬೇರೆ ಕೆಲಸ ನೋಡ್ಕೋತಿದ್ವಿ. ಕೂತ್ಕೋ ಅನ್ನಲ್ಲ, ಬಾ ಅನ್ನಲ್ಲ, ಅವಳಿಂದ ಏನೂ ಕೇಳಲ್ಲ. ಸುಮಾರು ಎರಡು ವಾರ ಆದ್ಮೇಲೆ ಒಂದಿನ ಛತ್ರಿ ಕಂಡ ತಕ್ಷಣ ಕುತ್ತಿಗೆ ತಿರುಗಿಸಿ ನನ್ನ ಮುಖ ನೋಡಿದ್ಲು, ಎಲ್ಲಿ ನನ್ನ ಕೋಳಿ ಅನ್ನೋ ಥರ. ಆ ನೋಟ ಬಂದ್ಮೇಲೇ ಛತ್ರಿನ ಎರಡು ಹೆಜ್ಜೆ ಹತ್ತಿರ ತಂದಿದ್ದು. ಸ್ವಲ್ಪ ಬಿಚ್ಚಿ ತೋರಿಸುವಾಗ ಮತ್ತೆ ದೂರ ಹೋಗ್ಬೇಕಾಯ್ತು, ಒಂದು ಕಷ್ಟ ಏರಿಸಿದ್ರೆ ಇನ್ನೊಂದನ್ನ ಇಳಿಸ್ಬೇಕು. ಆತುರಗಾರನಿಗೆ ಬುದ್ಧಿ ಮಟ್ಟ ಅಂತಾರಲ್ಲ, ನಡುವೆ ಎರಡು ಸಲ ಆತುರ ಪಟ್ಟು ಎರಡು ಸಲವೂ ಹಿಂದೆ ಹೋದೆ.

ಇದೇನು ಹೊಸದಲ್ಲ. 1924ರಲ್ಲಿ ಪ್ರಕಟ ಆದ ಒಂದು ಪ್ರಯೋಗದಲ್ಲಿ ಮೇರಿ ಕವರ್ ಜೋನ್ಸ್ ಅನ್ನೋ ಮನಶ್ಶಾಸ್ತ್ರಜ್ಞೆ ಮೊಲಕ್ಕೆ ಹೆದರ್ತಿದ್ದ ಪೀಟರ್ ಅನ್ನೋ ಪುಟ್ಟ ಹುಡುಗನಿಗೆ ಇಷ್ಟದ ತಿಂಡಿ ಕೊಟ್ಟು, ಅವನು ತಿನ್ನೋದು ನಿಲ್ಲಿಸದಷ್ಟು ದೂರದಲ್ಲಿ ಪಂಜರದ ಮೊಲ ಇಟ್ಟು, ಸ್ವಲ್ಪ ಸ್ವಲ್ಪವಾಗಿ ಹತ್ತಿರ ತಂದ್ರು, ಕೊನೆಗೆ ಹುಡುಗ ಮೊಲನ ಮುಟ್ಟಿದ. ತಿನ್ನೋದು ನಿಲ್ಲಿಸದಷ್ಟು ದೂರ, ನಿನಗೆ ಬೇಕಾದ ಅಳತೆಪಟ್ಟಿ ಇದೇ. ಗುಂಡ ಒಳ್ಳೆ ಕೋಳಿ ಮೂಸೂ ನೋಡ್ತಿಲ್ಲ ಅಂದ್ರೆ ಅವನಿಗೆ ಸೊಕ್ಕಲ್ಲ, ಹಸಿವಿಲ್ಲ ಅಂತನೂ ಅಲ್ಲ, ನೀನು ತುಂಬ ಹತ್ತಿರ ಇದೀಯ ಅಂತ ಅರ್ಥ. ಹಿಂದೆ ಹೋಗು. ತಿಂದರೂ ಗಬಕ್ ಅಂತ ಕೈಬೆರಳು ಸೇರಿಸಿ ಕಚ್ಚಿ ತಿಂತಿದ್ರೆ ಆಗ್ಲೂ ಹತ್ತಿರವೇ.

ನಿನ್ನ ವಿಷಯದಲ್ಲಿ ಭಯದ ವಸ್ತು ಛತ್ರಿ ಅಲ್ಲ, ನೀನೇ. ಹಾಗಾಗಿ ನೀನು ರೂಮಿಗೆ ಹೋಗು, ಅವನಿಗೆ ಓರೆಯಾಗಿ ಕೂತ್ಕೋ, ಮುಖ ದಿಟ್ಟಿಸ್ಬೇಡ, ಮೇಲಿಂದ ಬಗ್ಗಬೇಡ. ತುಣುಕುಗಳನ್ನ ಅವನ ಮೂತಿ ಮುಂದೆ ಅಲ್ಲ, ಅವನ ಹಿಂದಕ್ಕೆ, ನಿನ್ನಿಂದ ದೂರಕ್ಕೆ ಎಸಿ. ವಿಚಿತ್ರ ಅನ್ಸತ್ತೆ ಅಲ್ವಾ, ಹತ್ತಿರ ಬರ್ಲಿ ಅಂತ ದೂರಕ್ಕೆ ಎಸೆಯೋದು. ಆದರೆ ಅವನಿಗೆ ಎರಡು ಬಹುಮಾನ ಸಿಗತ್ತೆ, ಕೋಳಿನೂ ಸಿಗತ್ತೆ ನಿನ್ನಿಂದ ದೂರ ಹೋದ ನಿರಾಳವೂ ಸಿಗತ್ತೆ, ಆಮೇಲೆ ತಾನಾಗೇ ತಿರುಗಿ ಬಂದು ಇನ್ನೊಂದು ಎಸಿ ಅಂತ ನಿಲ್ತಾನೆ ನೋಡು, ಆ ಬರೋ ಹೆಜ್ಜೆ ಪೂರ್ತಿ ಅವನದೇ. ಕೈಲಿ ಹಿಡಿದು ಸೆಳೆದು ತರಿಸ್ಕೊಂಡಿದ್ದಲ್ಲ.

ನಾಯಿ ಬಾಲ ಯಾವತ್ತಿದ್ರೂ ಡೊಂಕೇ ಅನ್ನೋರು ಹೆದರಿದ ನಾಯಿ ಬಾಲ ನೋಡಿಲ್ಲ, ಹೊಟ್ಟೆಗೆ ಅಂಟ್ಕೊಂಡು ನೆಟ್ಟಗಾಗಿರತ್ತೆ. ಅದು ಎಲ್ರಿಗೂ ಕಾಣೋ ಗುರುತು, ಅದಕ್ಕಿಂತ ಮುಂಚೆ ಬರೋ ಸಣ್ಣ ಗುರುತು ನೋಡೋದು ಕಲಿ. ನಿದ್ದೆ ಬರದೆ ಆಕಳಿಸೋದು, ತಿನ್ನಕ್ಕೆ ಏನೂ ಇಲ್ದೆ ಮೂಗು ನೆಕ್ಕೋದು, ತಲೆ ಆಕಡೆ ತಿರುಗಿಸಿ ಕಣ್ಣಂಚಲ್ಲಿ ಬಿಳಿ ಕಾಣೋ ಹಾಗೆ ನಿನ್ನನ್ನ ನೋಡೋದು, ಒಂದು ಮುಂಗಾಲು ಎತ್ತಿ ಹಾಗೇ ನಿಲ್ಲೋದು. ಗುರ್ ಅಂದ್ರೆ ಬೈಬೇಡ. ಬೈದು ಗುರ್ ನಿಲ್ಲಿಸಿದ್ರೆ ಭಯ ಅಲ್ಲೇ ಇರತ್ತೆ, ಎಚ್ಚರಿಕೆ ಮಾತ್ರ ಹೋಗಿರತ್ತೆ, ಆಮೇಲೆ ಏನೂ ಹೇಳ್ದೆ ಕಚ್ತು ಅಂತ ಜನ ಗೊಳೋ ಅಂತಾರೆ.

ಪಕ್ಕದವರು ಹೇಳಿದ ಟ್ರೈನರ್ ಎರಡೇ ದಿನದಲ್ಲಿ ಸರಿ ಮಾಡ್ತೀನಿ, ಚೋಕ್ ಚೈನ್ (ಎಳೆದ್ರೆ ಕುತ್ತಿಗೆ ಬಿಗಿಯೋ ಸರಪಳಿ) ಹಾಕಿ ಎದುರಿಸೋದು ಕಲಿಸ್ತೀನಿ ಅಂದ ಅಂತ ಬರೆದಿದ್ಯಲ್ಲ. ಎರಡು ದಿನದಲ್ಲಿ ನಾಯಿ ಸುಮ್ಮನಾಗೋದು ನಿಜ ಇರ್ಬಹುದು, ಅದೇ ನನಗೆ ಹೆದರಿಕೆ. 1967ರಲ್ಲಿ ಸೆಲಿಗ್ಮನ್ ಮತ್ತೆ ಮೇಯರ್ ಅನ್ನೋ ಮನಶ್ಶಾಸ್ತ್ರಜ್ಞರು ತಪ್ಪಿಸ್ಕೊಳಕ್ಕೆ ದಾರಿನೇ ಇಲ್ದ ಹಾಗೆ ನಾಯಿಗಳಿಗೆ ಕರೆಂಟ್ ಶಾಕ್ ಕೊಟ್ಟು, ಆಮೇಲೆ ಒಂದು ಸಣ್ಣ ಅಡ್ಡಗೋಡೆ ಹಾರಿದ್ರೆ ಸಾಕು ಶಾಕಿಂದ ಪಾರು ಅನ್ನೋ ಜಾಗದಲ್ಲಿ ಬಿಟ್ರು, ಬಹಳಷ್ಟು ನಾಯಿಗಳು ಹಾರಲೇ ಇಲ್ಲ, ಅಲ್ಲೇ ಮಲಗಿ ಕುಯ್‌ಗುಟ್ಟಿದ್ವು. ದೂರದಿಂದ ನೋಡಿದ್ರೆ ಅದೂ ಶಾಂತ ನಾಯಿ ಥರನೇ ಕಾಣತ್ತೆ. ಪೋರ್ಚುಗಲ್‌ನಲ್ಲಿ 92 ಸಾಕುನಾಯಿಗಳ ಮೇಲೆ ಮಾಡಿ 2020ರಲ್ಲಿ ಪ್ರಕಟಿಸಿದ ಅಧ್ಯಯನ ಇದೆ, ಜಗ್ಗಿ ಬೈದು ಕಲಿಸೋ ಕಡೆಯ ನಾಯಿಗಳ ಎಂಜಲಲ್ಲಿ ಕಾರ್ಟಿಸೋಲ್ ಅನ್ನೋ ಒತ್ತಡದ ಹಾರ್ಮೋನು ಟ್ರೈನಿಂಗ್ ಆದ್ಮೇಲೆ ಜಾಸ್ತಿ ಏರಿತ್ತು. ನನಗೆ ಇಷ್ಟ ಆಗಿದ್ದು ಅದರ ಬಟ್ಟಲ ಪರೀಕ್ಷೆ: ಒಂದು ಬದೀಲಿಟ್ಟ ಬಟ್ಟಲಲ್ಲಿ ಯಾವಾಗ್ಲೂ ತಿಂಡಿ, ಇನ್ನೊಂದು ಬದೀದು ಯಾವಾಗ್ಲೂ ಖಾಲಿ, ಇದನ್ನ ನಾಯಿ ಕಲಿತ ಮೇಲೆ ಬಟ್ಟಲನ್ನ ನಡುವೆ ಇಡ್ತಾರೆ. ಗದರಿಸ್ಕೊಂಡು ಕಲಿತ ನಾಯಿಗಳು ಆ ನಡುವಿನ ಬಟ್ಟಲಿಗೆ ನಿಧಾನ ಹೋದ್ವಂತೆ, ಅಯ್ಯೋ ಅದರಲ್ಲೇನಿರತ್ತೆ ಬಿಡು ಅನ್ನೋ ಹಾಗೆ.

ಸಮಾಧಾನ ಮಾಡಿದ್ರೆ ಭಯ ಜಾಸ್ತಿ ಆಗತ್ತೆ ಅಂತ ನಿಮ್ಮಕ್ಕ ಹೇಳಿದ್ದು ತಪ್ಪು. ಹೆದರಿಕೆ ಬಹುಮಾನಕ್ಕೋಸ್ಕರ ಮಾಡೋ ನಾಟಕ ಅಲ್ಲ. ಅವನಾಗೇ ಹತ್ತಿರ ಬಂದು ಒರಗಿದ್ರೆ ಧಾರಾಳವಾಗಿ ಸವರು. ಒಂದ್ಸಲ ಡಾಕ್ಟರಿಗೆ ತೋರಿಸು, ಹಲ್ಲೋ ಸೊಂಟವೋ ನೋಯ್ತಿದ್ರೂ ನಾಯಿ ಹೀಗೇ ಮುದುಡ್ಕೋತಾವೆ, ಭಯ ತೀರಾ ಜಾಸ್ತಿ ಇದ್ರೆ ಔಷಧಿನೂ ಇದೆ, ಅದನ್ನ ಸೋಲು ಅನ್ಕೋಬೇಡ. ಹೊರಗೆ ಕರ್ಕೊಂಡು ಹೋಗೋ ಕಾಲಕ್ಕೆ ಕುತ್ತಿಗೆ ಪಟ್ಟಿ ಜೊತೆ ಎದೆ ಸುತ್ತ ಬರೋ ಹಾರ್ನೆಸ್ಸೂ ಹಾಕು, ಗಾಬರಿಯಾದ ನಾಯಿ ಹಿಂದಕ್ಕೆ ಜಗ್ಗಿ ಪಟ್ಟಿಯಿಂದ ತಲೆ ಕಳಚ್ಕೊಳೋದು ಕಣ್ಮುಚ್ಚಿ ತೆಗೆಯೋದ್ರಲ್ಲಿ.

ಇನ್ನೊಂದು ಹೇಳ್ಬೇಕು, ಬೇಜಾರಾದ್ರೂ ಪರವಾಗಿಲ್ಲ. ನಾಯಿಮರಿ ಲೋಕನ ಸಲೀಸಾಗಿ ಒಪ್ಪಿಕೊಳೋ ಕಾಲ ಹೆಚ್ಚುಕಮ್ಮಿ ಮೂರನೇ ವಾರದಿಂದ ಹನ್ನೆರಡು ಹದಿನಾಲ್ಕನೇ ವಾರದವರೆಗೆ. ಗುಂಡನಿಗೆ ಎರಡು ವರ್ಷ ಅಂದೆ, ಆಗ ಅವನು ಎಲ್ಲಿದ್ನೋ ಯಾರನ್ನ ನೋಡಿದ್ನೋ. ಬಂದೋರ ಮೇಲೆಲ್ಲ ಹಾರಿ ಮುದ್ದಾಡೋ ನಾಯಿ ಅವನು ಆಗದೇನೂ ಇರ್ಬಹುದು. ಚುಕ್ಕಿ ಇವತ್ತಿಗೂ ಛತ್ರಿ ಬಿಚ್ಚಿದ್ರೆ ಎದ್ದು ಎರಡು ಹೆಜ್ಜೆ ಆಚೆ ಹೋಗ್ತಾಳೆ, ಆಮೇಲೆ ಡಬ್ಬ ಇರೋ ಕಪಾಟಿನ ಮುಂದೆ ಹೋಗಿ ಕೂರ್ತಾಳೆ.

ಈ ವಾರ ನೀನು ಮಾಡೋದಿಷ್ಟೇ, ದಿನಕ್ಕೆ ನಾಲ್ಕೈದು ಸಲ ಹೋಗಿ ಕೂತು, ಹತ್ತು ತುಣುಕು ಎಸೆದು, ಎದ್ದು ಬಾ. ಹಾಂ, ಫೋಟೋ ಕಳ್ಸಿದ್ಯಲ್ಲ, ಕತ್ತಲಲ್ಲಿ ಬರೀ ಎರಡು ಹಸಿರು ಕಣ್ಣು ಹೊಳೀತಿರೋದು, ಇನ್ಮೇಲೆ ಫ್ಲ್ಯಾಶ್ ಹಾಕಿ ತೆಗೀಬೇಡ್ವೋ ಪಾಪ.

ನಿನ್ನವನೇ