ಫಿಸಿಯೋ ಅಂದರೆ ಸುಮ್ನೆ ಕಾಲು ಎತ್ತಿಸುವುದಲ್ಲ

ಪ್ರೀತಿಯ ಪುಟ್ಟಿ,

‘ಫಿಸಿಯೋಗೆ ಹೋಗೋದು ನಿಲ್ಲಿಸ್ತೀನಿ, ಸುಮ್ನೆ ಕಾಲು ಎತ್ತಿಸಿ ಇಳಿಸ್ತಾರೆ ಅಷ್ಟೇ’ ಅಂತ ಬರೆದಿದ್ದೀಯಲ್ಲ. ಆಪರೇಷನ್ ಆದ ಮಂಡಿ, ಬೇಜಾರಾಗುವುದು ಸಹಜ. ನಿಲ್ಲಿಸುವ ಮುಂಚೆ ಫಿಸಿಯೋಥೆರಪಿಸ್ಟ್‌ಗಳು ಏನು ಮಾಡುತ್ತಾರೆ ಅಂತ ಒಮ್ಮೆ ಸರಿಯಾಗಿ ನೋಡು.

ಕೋನ ಅಳೆಯುವ, ಎರಡು ಪ್ಲಾಸ್ಟಿಕ್ ಪಟ್ಟಿ ಇರುವ ಗೋನಿಯೋಮೀಟರ್ ಇರುತ್ತದಲ್ಲ, ಅದರ ನಡುವಿನ ಚಕ್ರವನ್ನು ಮಂಡಿಯ ಹೊರಮಗ್ಗುಲಿಗೆ ಇಡುತ್ತಾರೆ. ಒಂದು ಪಟ್ಟಿ ತೊಡೆಯ ಉದ್ದಕ್ಕೆ, ಇನ್ನೊಂದು ಪಾದದ ಗಂಟಿನ ಕಡೆಗೆ. ಮಂಡಿ ಎಷ್ಟು ಡಿಗ್ರಿ ಮಡಚಿತು ಅಂತ ಬರೆದುಕೊಳ್ಳುತ್ತಾರೆ. ಆಮೇಲೆ ಕಾಲನ್ನು ಕೈಯಿಂದ ಒತ್ತಿ ಹಿಡಿದು, ಸ್ನಾಯುವಿಗೆ 0ಯಿಂದ 5ರವರೆಗೆ ಅಂಕ ಕೊಡುತ್ತಾರೆ. ಕಾಲಿನ ಭಾರವನ್ನಷ್ಟೇ ಎತ್ತಿದರೆ 3. ಅವರು ಜೋರಾಗಿ ಒತ್ತಿದರೂ ಜಗ್ಗದಿದ್ದರೆ 5. ಮುಂದಿನ ವ್ಯಾಯಾಮ ಯಾವುದು ಅನ್ನುವುದು ಇದನ್ನೆಲ್ಲ ನೋಡಿಯೇ ತೀರ್ಮಾನವಾಗುವುದು. ಮಂಡಿ ಬಾತಿದ್ದಾಗ ತೊಡೆಯ ಸ್ನಾಯು, ನೀನು ಎಷ್ಟು ಪ್ರಯತ್ನಪಟ್ಟರೂ, ಪೂರ್ತಿ ಬಿಗಿಯಾಗುವುದಿಲ್ಲ. ಅದನ್ನು ಮತ್ತೆ ಕೆಲಸಕ್ಕೆ ಹಚ್ಚುವುದಕ್ಕೇ ಆ ಬೇಜಾರಿನ ಕಾಲೆತ್ತುವಿಕೆ.

ಮಂಡಿ, ಸೊಂಟ ಮಾತ್ರ ಅವರ ಕೆಲಸ ಅಂದುಕೊಳ್ಳಬೇಡ. ಪಾರ್ಶ್ವವಾಯು ಹೊಡೆದವರನ್ನು ನಡೆಸುತ್ತಾರೆ, ಐಸಿಯುನಲ್ಲಿ ಎದೆಯ ಕಫ ತೆಗೆಸುತ್ತಾರೆ, ಹೆರಿಗೆಯಾದವರಿಗೂ ವ್ಯಾಯಾಮ ಕಲಿಸುತ್ತಾರೆ.

‘ಅವರೇನು ಡಾಕ್ಟರಾ?’ ಅಂತ ನೀನು ಕೇಳಿದ್ದೆ. ಆಪರೇಷನ್ ಮಾಡುವ ಡಾಕ್ಟರಲ್ಲ. ಆದರೆ ಹೆಚ್ಚಿನ ದೇಶಗಳಲ್ಲಿ ಕಾಲೇಜಿನ ಪದವಿ ಬೇಕೇ ಬೇಕು, ಸಾಮಾನ್ಯವಾಗಿ ನಾಲ್ಕು ವರ್ಷದ ಆಸುಪಾಸು. ಅಮೆರಿಕದಲ್ಲಂತೂ ಈಗ ಡಾಕ್ಟರೇಟ್ ಮಟ್ಟದ ಓದು. ಮೂಳೆ, ಸ್ನಾಯು, ನರ, ಹೃದಯ, ಶ್ವಾಸಕೋಶ ಎಲ್ಲ ಓದಿ, ಹಿರಿಯರ ಕಣ್ಣೆದುರು ಆಸ್ಪತ್ರೆಯಲ್ಲಿ ರೋಗಿಗಳನ್ನು ನೋಡಿ ಕಲಿಯಬೇಕು. ಎಷ್ಟೋ ಕಡೆ ಆಮೇಲೆ ನೋಂದಣಿಯೂ ಆಗಬೇಕು. ವಾರಾಂತ್ಯದ ಮಸಾಜ್ ಕೋರ್ಸ್ ಮಾಡಿ ಬೋರ್ಡ್ ಹಾಕಿಕೊಂಡವರೂ ಇರುತ್ತಾರೆ, ಹಾಗಾಗಿ ಪದವಿ, ನೋಂದಣಿ ಕೇಳುವುದರಲ್ಲಿ ಸಂಕೋಚ ಬೇಡ. ಈ ತಲೆನೋವು ಹೊಸದಲ್ಲ. ಮಸಾಜ್ ಹೆಸರಲ್ಲಿ ಬೇರೇನೋ ನಡೆಯುತ್ತಿದೆ ಅಂತ ಹೆಸರು ಕೆಟ್ಟಾಗಲೇ 1894ರಲ್ಲಿ ಬ್ರಿಟನ್ನಿನ ನಾಲ್ವರು ನರ್ಸ್‌ಗಳು ತಮ್ಮದೇ ಸಂಘ ಕಟ್ಟಿದರು. ಅಲ್ಲಿನ ಫಿಸಿಯೋಗಳ ಸಂಘ ಬೆಳೆದಿದ್ದು ಅದರಿಂದಲೇ.

ವ್ಯಾಯಾಮ ಮಾಡಿದ ಮಾರನೇ ದಿನವೂ ಬಾವು ಹಾಗೇ ಇದ್ದರೆ ಅವರಿಗೆ ಹೇಳು, ಕಮ್ಮಿ ಮಾಡಿ ಕೊಡುತ್ತಾರೆ. ನೀನು ಹೋಗದೇ ಮನೆಯಲ್ಲಿ ಕೂತರೆ ಅವರಿಗೆ ಹೇಗೆ ಗೊತ್ತಾಗಬೇಕು?

ನಿನ್ನ
ಅಮ್ಮ